ನಡಾವಳಿ

ಮಂಗಳವಾರ, ಸಂಜೆ ಆರೂವರೆ.
ಹಾಜರಿದ್ದವರು ಹದಿಮೂರು ಮಂದಿ.
ಹೀಟರು ಕೆಟ್ಟಿತ್ತು, ಅದನ್ನು ಬರೆಯಲಿಲ್ಲ.
ಯಾರೂ ಕೋಟು ಬಿಚ್ಚಲಿಲ್ಲ, ಅದನ್ನೂ.

ವಿಷಯ ನಾಲ್ಕು:
ಗಣಿದಾರಿಯ ಮೇಲಿನ ಹದಿನೆಂಟು ಮನೆ.
ಮನೆ ಎಂದರೆ ಸೂರಿಲ್ಲದ ಗೋಡೆ,
ಕಿಟಕಿಯ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ಕು,
ಕಡಲ ಗಾಳಿ ಎದ್ದರೆ ರಾತ್ರಿಯಿಡೀ
ಯಾರಿಗೋ ಚಪ್ಪಾಳೆ.
ಕಟ್ಟಿ ನೋಡು ಅನ್ನುತ್ತಾರಲ್ಲ,
ಇಲ್ಲಿ ಕಟ್ಟಿದವನು ತಿರುಗಿಯೂ ನೋಡದೆ ಹೋದ
ನವೆಂಬರಿನಲ್ಲಿ, ಬ್ಯಾಂಕು ಕೈ ಹಿಂದೆಗೆದ ವಾರ.
ಕ್ರೇನನ್ನು ಮಾತ್ರ ಮರೆಯದೆ ಒಯ್ದ.
ಸಿಮೆಂಟಿನ ಚೀಲಗಳು ಮಳೆಗೆ ನೆನೆದು
ಚೀಲದ ಆಕಾರದಲ್ಲೇ ಕಲ್ಲಾಗಿ ಕೂತಿವೆ.
ಶಾಲೆ ಬಿಟ್ಟ ಮಕ್ಕಳು ಅವುಗಳ ಮೇಲೆ ಕೂತು
ಚಿಪ್ಸ್ ತಿನ್ನುತ್ತಾರೆ.

ಸಲಹೆ: ಇವನ್ನು ಕೌನ್ಸಿಲ್ ಕೊಳ್ಳಲಿ,
ಸೂರು ಹೊದಿಸಲಿ, ಈ ಊರಿನ ಸಂಬಳಕ್ಕೆ
ನಿಲುಕುವ ಬಾಡಿಗೆಗೆ ಕೊಡಲಿ.
ಮಂಡಿಸಿದವರು ಶ್ರೀಮತಿ ಎಲಿನೆಡ್ ಪ್ರೋಸರ್.

ಯೋರ್ವರ್ತ್ ಎದ್ದರು.
'ಕುರಿಸಂತೆಯಲ್ಲಿ ನಾನು ಕಲಿತದ್ದು ಒಂದೇ,
ಮಧ್ಯಾಹ್ನದ ತನಕ ಸುಮ್ಮನಿರು,
ಮಾರುವವನಿಗೆ ಹಸಿವಾಗಲಿ.
ಬೆಲೆ ಇನ್ನೂ ಇಳಿಯುತ್ತದೆ. ಕಾಯೋಣ.'
ಎಲಿನೆಡ್ ಕೂತಲ್ಲಿಂದಲೇ ಅಂದರು,
'ಮಧ್ಯಾಹ್ನದ ತನಕ ಮಗು ಎಲ್ಲಿ ಮಲಗಬೇಕು, ಯೋರ್ವರ್ತ್?'
ನಾನು ಬರೆದೆ: ಚರ್ಚೆ ನಡೆಯಿತು.

ಲೆಕ್ಕದ ಇದ್ವಾಲ್ ಕನ್ನಡಕ ಒರೆಸುತ್ತ
ಮೀಸಲು ನಿಧಿಯ ತಳ ಎಷ್ಟು ಹತ್ತಿರ ಎಂದು ತಿಳಿಸಿದರು.
ಸರ್ಕಾರದ ನೆರವು ಮಾರ್ಚಿನೊಳಗೆ ಖರ್ಚಾಗದಿದ್ದರೆ
ಬಂದ ದಾರಿಗೆ ಸುಂಕವಿಲ್ಲ, ವಾಪಸು.

ಆಮೇಲೆ ನೆಸ್ಟಾ.
'ನನ್ನ ಮನೆಯ ಬೆಲೆ ಆಗಲೇ ಮೂರರಲ್ಲೊಂದು ಪಾಲು ಕರಗಿದೆ.
ಪಕ್ಕದಲ್ಲೇ ಅಗ್ಗದ ಮನೆ ಎದ್ದರೆ, ಉಳಿದದ್ದೂ...'
ಅಷ್ಟಕ್ಕೇ ನಿಂತರು.
ಕೈಗವಸಿನ ಬೆರಳೊಂದನ್ನು ಎಳೆದು, ಬಿಟ್ಟು, ಎಳೆದರು.
ಅರ್ಧ ವಾಕ್ಯಕ್ಕೆ ನಡಾವಳಿಯಲ್ಲಿ ಜಾಗವಿಲ್ಲ.

ಹಿಂದಿನ ಬೆಂಚಿನಿಂದ ಗೆಥಿನ್ ಎದ್ದ,
ಆ ಗೋಡೆಗಳಿಗೇ ಗಿಲಾವು ಬಳಿಯುತ್ತಿದ್ದವ,
ಆರು ವಾರದ ಕೂಲಿ ಬಾಕಿ.
ಸಾರ್ವಜನಿಕರು ಮಾತಾಡುವಂತಿಲ್ಲ, ಎಂದರು ಅಧ್ಯಕ್ಷರು.
ಅವನು ಮಾತಾಡಲಿಲ್ಲ.
ಕೂರಲೂ ಇಲ್ಲ.

ಕೈ ಎತ್ತಿ ಎಂದಾಗ
ಪರ ಆರು. ವಿರೋಧ ಆರು.
ತಲೆಗೂದಲು ಸರಿಮಾಡಿಕೊಳ್ಳಲೆಂಬಂತೆ
ಮೇಲೆದ್ದ ನೆಸ್ಟಾರ ಕೈ ಅಲ್ಲೇ ಉಳಿಯಿತು,
ಒಂದು ಗವಸು ಹಾಕಿದ್ದು, ಇನ್ನೊಂದು ಮಡಿಲಲ್ಲಿ.
'ಮೇಡಂ, ಅದು ಯಾವ ಕಡೆಗೆ?'
'ಪರ. ಬರೆದುಕೋ ಬೇಗ,' ಅಂದರು,
'ನನ್ನ ಮನಸ್ಸು ನನಗೇ ಗೊತ್ತಿಲ್ಲ.'
ಬರೆದುಕೊಂಡೆ. ಏಳು.

ಏಪ್ರಿಲಿನಲ್ಲಿ ಸೂರು ಬಂತು.
ಊರ ಬೆನ್ನಿಗೇ ಸ್ಲೇಟಿನ ಗುಡ್ಡವಿದೆ,
ನಮ್ಮ ಅಜ್ಜಂದಿರು ದೂರದೂರದ ಮನೆಗಳಿಗೆ ಸೂರು ಸೀಳಿ ಕಳಿಸಿ
ಉಳಿದ ಪುಡಿ ಪೇರಿಸಿದ್ದು.
ಈ ಹದಿನೆಂಟಕ್ಕೆ ಸ್ಲೇಟು ಸ್ಪೇನಿನಿಂದ ಬಂತು. ಅಗ್ಗ.
ಗೆಥಿನ್‌ನ ಮೊಣಕೈ ಮತ್ತೆ ಬೆಳ್ಳಗಾಯಿತು.
ಬೀಗದ ಕೈಗಳು ರಬ್ಬರ್ ಬ್ಯಾಂಡ್ ಸುತ್ತಿಕೊಂಡು
ನನ್ನ ಮೇಜಿನ ಮೇಲೆ ಒಂದು ವಾರ ಇದ್ದವು.
ಹದಿನೆಂಟು.
ಪಟ್ಟಿಯಲ್ಲಿ ಹೆಸರು ಇನ್ನೂರ ಹನ್ನೆರಡು.

ಆದರೆ ಇದೆಲ್ಲ ಆಮೇಲಿನದು.
ಆ ಮಂಗಳವಾರ ಮನೆಗೆ ಬಂದಾಗ ಹತ್ತು ದಾಟಿತ್ತು.
ನನ್ನ ಸೋಫಾದ ಮೇಲೆ ತಮ್ಮ ಟ್ರೆವೋರ್,
ಚಳಿಗಾಲ ಶುರುವಾದಾಗಿನಿಂದ ಅಲ್ಲೇ,
ಪಾದಗಳು ಕೈಯಾಸರೆಯಾಚೆ ತೂಗುತ್ತಿದ್ದವು.
ಪಟ್ಟಿಯಲ್ಲಿ ಅವನು ನಲವತ್ತೊಂದನೆಯವ.
'ಏನಾಯ್ತು?' ಅಂದ, ಕಣ್ಣು ತೆರೆಯದೆ.
'ನಡಾವಳಿ ಇನ್ನೂ ದೃಢೀಕರಣವಾಗಿಲ್ಲ,' ಅಂದೆ.
ನಕ್ಕ. ಕಂಬಳಿ ಎಳೆದುಕೊಂಡ. ಕಾಲು ಹೊರಬಂತು.

ದೀಪ ಆರಿಸಿ ಮೆಟ್ಟಿಲು ಹತ್ತುವಾಗ ಕತ್ತಲಲ್ಲಿ
ಸಣ್ಣ ದನಿಯ ಲೆಕ್ಕ ಕೇಳಿಸಿತು,
ನಲವತ್ತೊಂದರಲ್ಲಿ ಹದಿನೆಂಟು ಕಳೆದರೆ
ಇಪ್ಪತ್ತಮೂರು,
ಇಪ್ಪತ್ತಮೂರೇ.