ಬಾಜು ಎರಡು

ತೀನ್ ಕಂದೀಲಿನಿಂದ ಎಡಕ್ಕೆ ಹೊರಳಿದರೆ
ಬಳೆ ಅಂಗಡಿ, ಅದರಾಚೆ ಮಾಳಿಗೆಯ ಮೆಟ್ಟಿಲು,
ಮೆಟ್ಟಿಲ ಕೆಳಗೆ ಕಪಾಟಿನಷ್ಟೇ ಅಗಲದ
ದಸ್ತಗೀರ್ ಮಾಮನ ರೆಕಾರ್ಡಿಂಗ್ ಅಂಗಡಿ.
ನನ್ನ ಅಕ್ಷರ ದುಂಡಗಿದ್ದವು. ಅದೇ ನನ್ನ ನೌಕರಿ.
ಒಂದು ಕಾರ್ಡಿಗೆ ನಾಲ್ಕಾಣೆ,
ಕೆಂಪು ಶಾಯಿಯಲ್ಲಿ ಬರೆದರೆ ಎಂಟಾಣೆ.

ಜನ ಚೀಟಿ ಹಿಡಿದು ಬರುತ್ತಿದ್ದರು
ಔಷಧಿ ಅಂಗಡಿಗೆ ಬಂದ ಹಾಗೆ:
ಕನ್ನಡ ಮೂರು, ತೆಲುಗು ನಾಲ್ಕು, ಒಂದು ಕವ್ವಾಲಿ,
ಕೊನೆಗೆ ಮನೆಯ ಹಿರಿಯರಿಗೆಂದು ಒಂದು ತತ್ವಪದ.
ಮಾಮ ಓದಿ ಹುಬ್ಬು ಏರಿಸುವನು,
"ಇದರ ಬಾಜೂಕ ಅದು ಕೂಡಂಗಿಲ್ಲ ತಮ್ಮಾ,
ಜಗಳಾಡ್ತಾವ.
ಮುಂದಿನ ವಾರ ಬಾ."
ಒಂದೂವರೆ ತಾಸಿನ ಹಾಡಿಗೆ
ಒಂದು ವಾರ ಕಾಯುತ್ತಿದ್ದರು.

ಲಾರಿ ಯಂಕೋಬನದು ಬೇರೆಯೇ ಲೆಕ್ಕ.
ಒಂದು ಬಾಜು ಮುಗಿಯುವಷ್ಟರಲ್ಲಿ ಮಕ್ತಲ್ ಬರಬೇಕು.
ಬರದಿದ್ದರೆ ತಪ್ಪು ರಸ್ತೆಯದಲ್ಲ, ಲಾರಿಯದಲ್ಲ,
ಹಾಡಿನದು.
ತಿರುಗಿ ಬಂದವನೇ ಕ್ಯಾಸೆಟ್ಟು ಕಟ್ಟೆಯ ಮೇಲೆ ಕುಕ್ಕಿ
"ಎರಡು ಹಾಡು ಸಣ್ಣವಾಗ್ಯಾವ ನೋಡು" ಅನ್ನುವನು.

ಕೃಷ್ಣೆಯ ದಂಡೆಯಲ್ಲಿ ಚಿಮಣಿಗಳೆದ್ದಿದ್ದವು ಆಗಲೇ.
ಕರೆಂಟು ಮಾತ್ರ ನಮ್ಮ ತಲೆಯ ಮೇಲಿಂದ ಹಾದು
ಯಾರದೋ ಊರಿಗೆ ಹೋಗುತ್ತಿತ್ತು.
ಸಂಜೆ ವೋಲ್ಟೇಜು ಇಳಿದರೆ
ಪ್ಲೇಟು ತಿರುಗಿಸುವ ಮಷೀನಿಗೆ ಆಯಾಸ.
ಬರೆದುಕೊಳ್ಳುವ ಮಷೀನು ಬ್ಯಾಟರಿಯ ಮೇಲೆ.
ಅದು ಆ ಆಯಾಸವನ್ನೂ
ನಿಯತ್ತಿನಿಂದ ಬರೆದುಕೊಳ್ಳುತ್ತಿತ್ತು.
ಹಾಡುವವಳ ಗಂಟಲಿಗೆ ಹತ್ತು ವರುಷ ಹೆಚ್ಚಾಗಿ
ಅವಳ ವಿರಹ ಇನ್ನೂ ಭಾರವಾಗಿ ಇಳಿಯಿತು ನಮ್ಮ ಮನೆಗಳಲ್ಲಿ.
ನಮ್ಮ ಓಣಿಯವರೆಲ್ಲ ಕಲಿತದ್ದು ಆ ನಿಧಾನವನ್ನೇ.
ಹೋದ ವರುಷ ಮದುವೆಯೊಂದರಲ್ಲಿ
ಅದೇ ಹಾಡು ಅದರ ನಿಜವಾದ ಓಟದಲ್ಲಿ ಬಂದಾಗ
ಮುದುಕಿಯರು ಮುಖ ಮುಖ ನೋಡಿಕೊಂಡರು:
"ಯಾಕವ್ವಾ ಇಷ್ಟು ಅವಸರ, ಬಸ್ ಬಂತೇನು?"

ರೊಕ್ಕ ಇಸಕೊಂಡು ಖಾಲಿ ಟೇಪು ಕೊಡಬಾರದೆಂದು
ಬಾಜುವಿನ ಕೊನೆಗೆ ಉಳಿದ ಎರಡು ನಿಮಿಷಕ್ಕೆ
ಮಾಮ ತನಗೆ ಸೇರಿದ್ದನ್ನು ತುಂಬುತ್ತಿದ್ದ.
ಅದು ನಡುವೆಯೇ ಟಕ್ಕೆಂದು ನಿಲ್ಲುತ್ತಿತ್ತು.
ಕಾರ್ಡಿನಲ್ಲಿ ನಾನು ಅದರ ಮುಂದೆ "ಅರ್ಧ" ಎಂದು ಬರೆಯುತ್ತಿದ್ದೆ.
ಅವ್ವನ ಕ್ಯಾಸೆಟ್ಟಿನ ಎರಡನೇ ಬಾಜುವಿಗೆ
ದೋಣಿ ಹತ್ತಿ ಹೋದವನ ಹಾಡು, ಅರ್ಧ.
ಹೊಳೆಯ ನಡುವೆ ದೋಣಿ. ಟಕ್.

ಅವ್ವ ಕೌದಿ ಹೊಲಿಯುತ್ತ ಉಳಿದರ್ಧ ಕಟ್ಟುತ್ತಿದ್ದಳು.
ಒಂದು ದಿನ ದೋಣಿ ದಂಡೆ ಮುಟ್ಟುವುದು.
ದಾರ ಗಂಟಾದ ದಿನ ಮುಳುಗಿಯೇಬಿಡುವುದು.
ಪಂಚಮಿಯ ಮುಂದೆ ಅವನು ಉಂಡಿ ಕಟ್ಟಿಕೊಂಡು ಬರುವನು.
ಒಮ್ಮೆ ಅಪ್ಪನ ಮೇಲೆ ಸಿಟ್ಟು ಬಂದು
ಹೋದವನನ್ನು ಆಚೆ ದಂಡೆಯಲ್ಲೇ ಬಿಟ್ಟು
ಬರೀ ದೋಣಿಯನ್ನು ತಿರುಗಿ ತಂದಳು.

ಆಮೇಲೆ ಒಂದೇ ತಟ್ಟೆಯಲ್ಲಿ ನೂರೈವತ್ತು ಹಾಡು ಬಂದವು,
ಯಾವುದಕ್ಕೂ ಪಕ್ಕದವರ ಪರಿಚಯವಿಲ್ಲ.
ಆಮೇಲೆ ಉಗುರಿನಷ್ಟು ಚಿಪ್ಪು,
ಇಪ್ಪತ್ತು ರೂಪಾಯಿಗೆ ತುಂಬುವಷ್ಟು.
ಚೀಟಿ ಯಾರೂ ತರಲಿಲ್ಲ. "ಹೊಸಾವು ಹಾಕು" ಅಂದರೆ ಮುಗಿಯಿತು.
ಮಾಮನ ಮಷೀನುಗಳು ತೂಕಕ್ಕೆ ಹೋದವು.
ಮಾಮ ಹೋಗಲಿಲ್ಲ.
ಮಗ ಮೊಬೈಲಿಗೆ ಗಾಜು ಅಂಟಿಸುವಾಗ ಸ್ಟೂಲಿನ ಮೇಲೆ ಕೂತು
ಗಿರಾಕಿಗಳ ರಿಂಗ್‌ಟೋನಿಗೆ ಹುಬ್ಬು ಏರಿಸುತ್ತಿದ್ದ,
ಇದ್ದಷ್ಟು ದಿನ.

ಮೊನ್ನೆ ಫೋನಿನಲ್ಲಿ ದೋಣಿಯ ಹಾಡು ಸಿಕ್ಕಿತು, ಇಡಿಯಾಗಿ.
ಅವ್ವನ ಮುಂದೆ ಇಟ್ಟೆ.
ಹೊಳೆಯ ನಡುವೆ ಬಂದಾಗ ಅವಳ ಸೂಜಿ ನಿಂತಿತು.
ಟಕ್ ಬರಲಿಲ್ಲ.
ದೋಣಿ ಸುಮ್ಮನೆ ದಂಡೆ ಸೇರಿತು, ಅವನು ಇಳಿದ,
ಇಬ್ಬರೂ ಕೂಡಿ ಅದೇ ಪಲ್ಲವಿ ಹಾಡಿದರು.
ಅವ್ವ ಪೂರಾ ಕೇಳಿ ದಾರ ಕಡಿದಳು.
"ನಂದೇ ಚಲೋ ಇತ್ತು."

ಅಷ್ಟರಲ್ಲಿ ಫೋನು ತನ್ನಷ್ಟಕ್ಕೆ
ಇನ್ನಾವುದೋ ಹಾಡು ಶುರು ಮಾಡಿತು.
ಅವ್ವ ಬಾಗಿಲ ಕಡೆ ನೋಡಿದಳು.
"ಯಾರು ಬಂದು ತಿರುವಿ ಹಾಕಿದರು?"