ಉಡುಗೊರೆ ಮಳಿಗೆ, ಬಿಲಾಕ್ಸಿ

ಲೇಬಲ್ ಅಂಟಿಸುವ ಕೆಲಸ ನನ್ನದು.
ಬೆಳಿಗ್ಗೆ ಆರಕ್ಕೆ ಕ್ಯಾಸಿನೊ ಹಿಂಬಾಗಿಲಿಗೆ ಲಾರಿ ಬರುತ್ತದೆ,
ಹಿಂದೆಯೇ ಸಿಗಡಿ ದೋಣಿಗಳ ಡೀಸೆಲ್ ವಾಸನೆ.
ಪೆಟ್ಟಿಗೆ ಬಿಚ್ಚಿ, ಹಳೆಯ ಚೀಟಿ ಉಗುರಿಂದ ಕೆರೆದು
ಮೂವತ್ತೊಂಬತ್ತರ ಮಿಕ್ಸರಿಗೆ
ನೂರ ಅರವತ್ತು ಎಂದು ಅಂಟಿಸುತ್ತೇನೆ.
ಡಾಲರ್ ಅಲ್ಲ, ಅಂಕ.
ಆದರೂ ಅಂಕಿಯ ಮುಂದೆ
ಡಾಲರಿನ ಗುರುತನ್ನು ಬಿಟ್ಟಿದ್ದಾರೆ,
ದೃಷ್ಟಿಬೊಂಬೆಗೆ ಮೀಸೆ ಬರೆದಂತೆ.

ಎದೆಯ ಬಿಲ್ಲೆಯಲ್ಲಿ ನಾನು ಟೀನಾ.
ಮನೆಯಲ್ಲಿ ಟುಯೆಟ್; ಹಿಮ ಎಂದು ಅರ್ಥ.
ಹಿಮ ಬೀಳದ ಊರಿಂದ ಹೊರಟು
ಹಿಮ ಬೀಳದ ಊರಿಗೇ ಬಂದಿಳಿದ ಅಮ್ಮ ಇಟ್ಟ ಹೆಸರು.
ನನ್ನ ಮೇಲೂ ಯಾರೋ ಬೇರೆ ಚೀಟಿ ಅಂಟಿಸಿದ್ದಾರೆ,
ಇರಲಿ.

ಗುರುವಾರ ಅಂಕಗಳಿಗೆ ದುಪ್ಪಟ್ಟು.
ಗುರುವಾರವೇ ವರ್ನಾ ಲ್ಯಾಡ್ನರ್ ಬರುತ್ತಾಳೆ,
ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿದವಳು;
ಕಾರ್ಡು ಕೊರಳಲ್ಲಿ, ಸುರುಳಿ ದಾರದಲ್ಲಿ.
ಮಕ್ಕಳನ್ನು ಎಣಿಸಿದ ಹಾಗೆ ಈಗಲೂ
ತುಟಿ ಅಲ್ಲಾಡಿಸಿಯೇ ಎಣಿಸುತ್ತಾಳೆ:
ನಾನೂರ ಹನ್ನೆರಡು ಅಂಕ. ರೂಮು ಬಿಟ್ಟಿ. ಊಟ ಬಿಟ್ಟಿ.
"ಇವತ್ತು ಇವರ ತಲೆ ಬೋಳಿಸಿಬಿಟ್ಟೆ, ಟೀನಾ!"

ನಾನೂರ ಹನ್ನೆರಡಕ್ಕೆ ಯಂತ್ರ ನುಂಗಿದ್ದು ಎಷ್ಟು,
ಕೇಳುವುದು ನನ್ನ ಕೆಲಸವಲ್ಲ.
ಬಿಟ್ಟಿ ರೂಮಿಗೆ ದಿನಕ್ಕೆ ಮೂವತ್ತೈದು
"ಸೌಲಭ್ಯದ ಬಾಬ್ತು" ಇದೆಯಲ್ಲ,
ಹೇಳುವುದೂ ಅಲ್ಲ.
ಅವಳ ಗ್ಯಾರೇಜಿನಲ್ಲಿ ಬಿಚ್ಚದ ಮಿಕ್ಸರು ಆರು.
ಒಂದನ್ನು ಅಂಗಳದ ಮಾರಾಟದಲ್ಲಿ ಹನ್ನೆರಡಕ್ಕೆ ಇಟ್ಟಿದ್ದಳಂತೆ.
ಬಂದವನೊಬ್ಬ ಅದನ್ನು ತಿರುಗಿಸಿ ನೋಡಿ, ಮೂಗೆಳೆದು,
ಒಂಬತ್ತು ಕೊಟ್ಟನಂತೆ.
"ನೂರ ಅರವತ್ತರ ಮಾಲು! ದರೋಡೆಕೋರ!" ಎಂದಳು.
ನಾನು ಟೇಪು ಹರಿಯುತ್ತಿದ್ದೆ.

ಇವತ್ತು ಅವಳಿಗೆ ಸೂಟ್‌ಕೇಸು ಬೇಕು.
"ಎಲ್ಲಿಗೆ ಹೊರಟೆ, ವರ್ನಾ?"
"ಎಲ್ಲಿಗೂ ಇಲ್ಲ. ಅಂಕ ಮಧ್ಯರಾತ್ರಿಗೆ ಸಾಯುತ್ತೆ."
ಏಳು ಡಾಲರ್ ಕಮ್ಮಿ ಬಿತ್ತು.
ಪರ್ಸನ್ನು ಕೌಂಟರಿನ ಮೇಲೆ ಬೋರಲು ಹಾಕಿದಳು:
ಚಿಲ್ಲರೆ, ಕೆಮ್ಮಿನ ಗುಳಿಗೆ, ಒಂದು ಗುಂಡಿ,
ಮತ್ತೆ, ಉರುಳಿ ಬಂದು ನನ್ನ ಬೆರಳಿಗೆ ತಾಕಿದ
ನಡುವೆ ತೂತಿದ್ದ ಹಿತ್ತಾಳೆ ಬಿಲ್ಲೆ.
ಅಕ್ಷರ ಅರ್ಧ ಸವೆದಿತ್ತು.

"ಅಜ್ಜಿಯದು. ಸಿಂಪಿ ಸುಲಿಯುತ್ತಿದ್ದಳು, ಆ ಕಡೆಯ ಕಾರ್ಖಾನೆಯಲ್ಲಿ.
ಒಂದು ತಂಬಿಗೆ ತುಂಬಿದರೆ ಒಂದು ಬಿಲ್ಲೆ.
ದುಡ್ಡಲ್ಲ, ನೋಡು. ಅವರದೇ ಅಂಗಡಿಯಲ್ಲಷ್ಟೇ ನಡೆಯುವುದು.
ಅಲ್ಲಿ ಹಿಟ್ಟಿಗೂ ಎರಡು ಸೆಂಟು ಜಾಸ್ತಿ, ದೀಪದೆಣ್ಣೆಗೂ ಜಾಸ್ತಿ.
ಸಾಯುವ ತನಕ ಬೈದಳು ಮುದುಕಿ.
ಕೈಯೆಲ್ಲ ಗೀರು, ಉಪ್ಪುನೀರು.
ಎಂಥಾ ಕಳ್ಳ ಬಡ್ಡೀಮಕ್ಕಳು, ಟೀನಾ!"

ಸ್ವಲ್ಪ ಜೋರಾಗಿಯೇ ಹೇಳಿದಳು.
ಹಿಂದಿನ ಸಾಲಿನವರು ತಿರುಗಿ ನೋಡಿದರು.
ಗಾಜಿನ ಆಚೆ ಯಂತ್ರಗಳು
ಯಾರಿಗೋ ಏನೋ ಬಂತೆಂದು ಕುಣಿದವು.
ಬಿಲ್ಲೆಯನ್ನು ಸೆರಗಿಲ್ಲದ ಅಂಗಿಯಂಚಿಗೆ ಉಜ್ಜಿ
ಪರ್ಸಿಗೆ ಹಾಕಿಕೊಂಡಳು.

ಸೂಟ್‌ಕೇಸು ಬೇಡವೆಂದಳು. ನನ್ನ ಎದೆ ಒಂದು ಕ್ಷಣ ಹಗುರ.
"ಮಿಕ್ಸರೇ ಕೊಡು, ಎರಡು.
ಉಳಿಯುವ ತೊಂಬತ್ತೆರಡಕ್ಕೆ
ಏನು ಬರುತ್ತೆ ನೋಡೇ ತಾಯಿ, ಸುಮ್ಮನೆ ಹಾಳಾಗುತ್ತೆ."

ಪಾರ್ಕಿಂಗ್ ತನಕ ಹೊತ್ತುಕೊಟ್ಟೆ.
ಬಸ್ಸು ಓಡಿಸಿದವಳಲ್ಲವೇ,
ಕನ್ನಡಿ ಮೂರು ಸಲ ನೋಡಿಯೇ ಹಿಂದೆ ತೆಗೆದಳು.

ಡಿಸೆಂಬರಿನಲ್ಲಿ ನಮಗೂ ಬೋನಸ್ಸು ಬಂತು:
ಇದೇ ಮಳಿಗೆಯ ಐವತ್ತು ಅಂಕ.
ಅಮ್ಮನಿಗೊಂದು ಛತ್ರಿ ತೆಗೆದುಕೊಂಡೆ.
ಹನ್ನೊಂದರ ಮೇಲೆ ನಲವತ್ತೆಂಟು,
ನನ್ನದೇ ಕೈ ಅಂಟಿಸಿದ್ದು.
ಕಿತ್ತರೆ ಅಂಟು ಉಳಿಯಿತು.

ಅಮ್ಮ ಅದನ್ನು ಅಡುಗೆಮನೆಯಲ್ಲೇ ಬಿಚ್ಚಿ,
ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ
ಎಷ್ಟು ಕೊಟ್ಟೆ, ಎಂದಳು.

ಬಿಟ್ಟಿ, ಎಂದೆ.