ಏಳು ನಿಮಿಷ

ನಾಲಿಗೆ ಎತ್ತು, ಹಾಲೇಶಿ.
ಮಾತ್ರೆ ಪುಡಿ ಮಾಡಿದ್ದೇನೆ, ಅಡಿಯಲ್ಲಿ ಸುರಿಯುತ್ತೇನೆ.
ನುಂಗಬೇಡ. ಮಾತಾಡಬೇಡ.
ಏಳು ನಿಮಿಷ ಈ ಬೆಂಚು ನಿನ್ನದು,
ಮಾತು ನನ್ನದು.

ನಿನ್ನೆ ನಿಮ್ಮವ್ವ ಬಂದಿದ್ದಳು, ಕೊಟ್ರಮ್ಮ.
ಕಿಟಕಿಯ ಸರಳು ಹಿಡಿದು ಕೇಳಿದಳು:
"ಆ ವಿಷ ಬಿಡಸ್ತೀವಿ ಅಂತ ಈ ವಿಷ ಕೊಡ್ತೀರಲ್ರೀ,
ಇದೆಂಥಾ ಔಷಧ ಸಿಸ್ಟರ್?"
ರಿಜಿಸ್ಟರ್ ತೋರಿಸಿದೆ. ಅವಳಿಗೆ ಓದು ಬಾರದು.
ನಿನ್ನ ಹೆಸರಿನ ಮುಂದೆ ದಿನಕ್ಕೊಂದು ಗೀಟು,
ಬೆರಳಿಟ್ಟು ಎಣಿಸಿದಳು, ತೊಂಬತ್ತೊಂದು.
"ಇಷ್ಟು ದಿನ ಸತ್ತಿಲ್ಲ ಅಂತೇನು?"
ಹೌದು ಅಂದೆ. ಇದಕ್ಕಿಂತ ಒಳ್ಳೆಯ ಉತ್ತರ
ನರ್ಸಿಂಗ್ ಪುಸ್ತಕದಲ್ಲಿ ಇದ್ದೀತು, ನೆನಪಾಗಲಿಲ್ಲ.

ಸುಮ್ಮನಿರು, ತುಟಿ ಅಲ್ಲಾಡಿಸಬೇಡ.

ಮೊದಲ ವರ್ಷ ನನಗೂ ನಿಮ್ಮನ್ನು ಕಂಡರೆ ಆಗುತ್ತಿರಲಿಲ್ಲ.
ಜಬೀವುಲ್ಲಾ ಹೊಸ ಸೂಜಿಯ ಡಬ್ಬ ಹೊತ್ತು
ಮುಚ್ಚಿದ ಮಿಲ್ಲಿನ ಗೋಡೆ ಹಿಂದೆ ಹಂಚಿ ಬಂದಾಗ
ಕಳ್ಳನಿಗೆ ಏಣಿ ಕೊಟ್ಟ ಹಾಗಾಯ್ತು ಅಂದಿದ್ದೆ.
ಅವನು ಜಗಳಕ್ಕೆ ಬರಲಿಲ್ಲ.
ಅಲ್ಲಿಂದ ಆಯ್ದು ತಂದ ಹಳೆಯದೊಂದನ್ನು
ಮೇಜಿನ ಮೇಲಿಟ್ಟ. ಮೊನೆ ಬಾಗಿತ್ತು,
ಕಲ್ಲಿಗೆ ಮಸೆದ ಗೀರು ಕಾಣುತ್ತಿತ್ತು.
"ಇಂಥಾದೊಂದರಾಗ ಐದು ಜನ, ಸಿಸ್ಟರ್.
ನಾಲ್ಕನೇಯವ ನಾನು."

ಗೇಟಿನಾಚೆ ಪೇದೆ ನಿಂತಿದ್ದಾನೆ, ಗೊತ್ತು.
ನಿಮ್ಮ ಜೇಬಿನಲ್ಲಿ ಹೊಸ ಸೂಜಿ ಇದ್ದರೆ ಅವನಿಗೆ ಸಾಕ್ಷಿ,
ಇರದಿದ್ದರೆ ನನಗೆ ದಿಗಿಲು.
ಸರ್ಕಾರದ ಒಂದು ಕೈ ಕೊಟ್ಟಿದ್ದನ್ನು
ಇನ್ನೊಂದು ಕೈ ಜಪ್ತಿ ಮಾಡುತ್ತದೆ,
ಎರಡಕ್ಕೂ ಸಂಬಳ ಒಂದನೇ ತಾರೀಖಿಗೆ.
ಅದೇ ಪೇದೆ ಹೋದ ಬೇಸಿಗೆಯಲ್ಲಿ ಮಫ್ತಿಯಲ್ಲಿ ಬಂದ,
ಬೈಕಿನ ಹಿಂದೆ ತಮ್ಮ, ಬೆವರು, ನಡುಕ.
ಬೇರೆ ಹೆಸರು ಬರೆಸಿದ.
ಬರೆದುಕೊಂಡೆ.

ಎಲೆಬೇತೂರಿನ ಆ ಹುಡುಗ, ನಿನ್ನ ಜೊತೆ
ಮಂಡಕ್ಕಿ ಭಟ್ಟಿಯಲ್ಲಿ ಮರಳು ಹುರಿಯುತ್ತಿದ್ದವನು,
ಮೂರು ದಿನ ಬರಲಿಲ್ಲ. ನಾಚಿಕೆಯಂತೆ,
ಈ ಬೆಂಚಿನಲ್ಲಿ ಕೂತದ್ದನ್ನು ಯಾರೋ ಅವರ ಮಾವನಿಗೆ ಹೇಳಿದರಂತೆ.
ಆಮೇಲೆ ಸುದ್ದಿ ಬಂತು.
ಅವನ ಸಾಲನ್ನು ನಾನಿನ್ನೂ ಹೊಡೆದುಹಾಕಿಲ್ಲ.
ತಿಂಗಳು ತಿಂಗಳು ಹೊಸ ಪುಟಕ್ಕೆ ಹೆಸರು ಇಳಿಸುತ್ತೇನೆ,
ಡಾಕ್ಟರು ನೋಡಿಯೂ ನೋಡದ ಹಾಗೆ ಸಹಿ ಹಾಕುತ್ತಾರೆ.

ಆಯಿತು. ಬಾಯಿ ತೆರೆ. ನಾಲಿಗೆ ಮೇಲೆ.
ಎಲ್ಲಾ ಕರಗಿದೆ.
ಅದೇನು, ದವಡೆ ಹಲ್ಲಿನ ಸಂದಿಯಲ್ಲಿ?
ಮಂಡಕ್ಕಿ ಚೂರು, ಒಗ್ಗರಣೆಯ ಅರಿಶಿನ ಇನ್ನೂ ಹಳದಿ.
ಬೆಳಿಗ್ಗೆ ತಿಂದು ಬಂದಿದ್ದೀಯ!
ಇದಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.
ಗೀಟು ಎಳೆದೆ, ತೊಂಬತ್ತೆರಡು.
ಈಗ ಮಾತಾಡು,
ಮೆಣಸಿನಕಾಯಿ ಬಿಸಿ ಇತ್ತೇನು?